ಕಾವಿಗೆ ಕೂತ ಕೋಳಿಗೆ ತಂತಿ ಪಂಜರ: ಒಂದೂವರೆ ವರ್ಷ ಬಳಸಿದ ಮೇಲೆ

ಹೋದ ವರ್ಷ ಮಾರ್ಚಿನಲ್ಲಿ 1,450 ರೂಪಾಯಿ ಕೊಟ್ಟು ಮಡಚಿಡುವಂಥ ಒಂದು ತಂತಿ ಪಂಜರ ತಂದೆ. ಮೊಲ, ನಾಯಿಮರಿ ಸಾಕುವವರಿಗೆ ಅಂತ ಮಾರುವ ಸಾಮಾನು ಅದು. ನನಗೆ ಬೇಕಿದ್ದದ್ದು ಕಾವಿಗೆ ಕೂತ ಕೋಳಿಯ ಕಾವು ಬಿಡಿಸುವುದಕ್ಕೆ. ಇಲ್ಲಿಯವರೆಗೆ 11 ಸಲ ಬಳಸಿದ್ದೇನೆ. 8 ಸಲ ಕಾವು ಬಿಡಿಸಲು, 3 ಸಲ ಮರಿ ಮಾಡಿಸಲು. 12ನೆಯ ಸಲ ಈಗ ನಡೆಯುತ್ತಿದೆ, ಇದನ್ನು ಬರೆಯುವಾಗ ನಮ್ಮ ಚುಕ್ಕಿ ಹಿತ್ತಲ ಜಗುಲಿಯಲ್ಲಿ ಅದರೊಳಗೇ ಇದ್ದಾಳೆ. ಕೊಳ್ಳಬೇಕು ಅಂತ ಯೋಚಿಸುವವರಿಗೆ ಮೊದಲೇ ಹೇಳಿಬಿಡುತ್ತೇನೆ: 5ಕ್ಕೆ ಮೂರೂವರೆ ಅಂಕ. ಕೆಲಸ ಮಾಡುತ್ತದೆ, ಆದರೆ ಅಂಗಡಿಯಿಂದ ತಂದ ಹಾಗೇ ಬಳಸಿದರೆ ಮಾಡುವುದಿಲ್ಲ.

ನಮ್ಮದು ಚನ್ನರಾಯಪಟ್ಟಣದ ಹತ್ತಿರ ತೆಂಗಿನ ತೋಟದ ಮನೆ. 13 ಹೇಟೆ, ಒಂದು ಹುಂಜ. ಹೇಟೆಗಳಲ್ಲಿ 9 ನಾಟಿ, ಉಳಿದ 4 ಗಿರಿರಾಜ. ಈ ಗಿರಿರಾಜ ಇದೆಯಲ್ಲ, ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಬೆಳೆಸಿದ ತಳಿ, ಅದು ಕಾವಿಗೆ ಕೂರುವುದಿಲ್ಲ. ನಮ್ಮ ನಾಲ್ಕರಲ್ಲಿ ಒಂದೂ ಇಲ್ಲಿಯವರೆಗೆ ಕೂತಿಲ್ಲ. ನಾಟಿಯದು ಹಾಗಲ್ಲ. ಹದಿನೈದು ಮೊಟ್ಟೆ ಆಸುಪಾಸು ಇಟ್ಟಿತೋ, ಕೂತೇ ಬಿಡುತ್ತದೆ. ಮರಿ ಬೇಕು ಅನ್ನುವಾಗ ಇದು ದೊಡ್ಡ ವರ. ಬೇಡದಾಗ ಏನು ಮಾಡುವುದು ಅನ್ನುವುದೇ ನಮ್ಮ ಸಮಸ್ಯೆಯಾಗಿತ್ತು.

ಆ ಮಾರ್ಚಿನಲ್ಲಿ ನಾಲ್ಕು ಹೇಟೆ ಒಂದೇ ವಾರದಲ್ಲಿ ಕೂತವು. ಒಂದು ಕೂತರೆ ಅದನ್ನು ನೋಡಿ ಇನ್ನೊಂದು ಕೂರುತ್ತದೆ, ಕೋಳಿ ಸಾಕಿದವರಿಗೆಲ್ಲ ಇದು ಗೊತ್ತು. ಮೊಟ್ಟೆ ಇಡಲು ನಾವು ಇಟ್ಟಿದ್ದು ಮೂರೇ ಬುಟ್ಟಿ. ಮೂರನ್ನೂ ಇವು ಹಿಡಿದವು, ನಾಲ್ಕನೆಯದು ಸೌದೆ ರಾಶಿಯ ಹಿಂದೆ. ಉಳಿದ ಕೋಳಿಗಳು ಮೊಟ್ಟೆ ಇಡಲು ಜಾಗ ಸಿಗದೆ ಬಂದು ಕೂತವುಗಳ ಬೆನ್ನ ಮೇಲೇ ಹತ್ತುತ್ತಿದ್ದವು, ಜಗಳ, ಮೊಟ್ಟೆ ಒಡೆಯುವುದು, ಒಡೆದ ಮೊಟ್ಟೆಯ ರುಚಿ ಹತ್ತಿ ತಿನ್ನುವುದು. ದಿನಕ್ಕೆ ಏಳು ಮೊಟ್ಟೆ ಸಿಗುತ್ತಿದ್ದ ಕಡೆ ಎರಡು ಸಿಕ್ಕರೆ ಹೆಚ್ಚು. ಅದರ ಮೇಲೆ ಬಿಸಿಲು. ಬೇಸಿಗೆಯಲ್ಲಿ ಶೀಟಿನ ಕೆಳಗಿನ ಬುಟ್ಟಿಯಲ್ಲಿ ದಿನವಿಡೀ ಕೂತ ಕೋಳಿ ನೀರಿಗೂ ಏಳದೆ ಬಾಯಿ ತೆರೆದುಕೊಂಡು ಏದುಸಿರು ಬಿಡುವುದನ್ನು ನೋಡಲಾಗುವುದಿಲ್ಲ. ಕೆಳಗೆ ಒಂದು ಮೊಟ್ಟೆಯೂ ಇಲ್ಲ, ಬರೀ ಹುಲ್ಲನ್ನು ಕಾವು ಕೊಟ್ಟುಕೊಂಡು ಕೂತಿರುತ್ತದೆ.

ನಮ್ಮತ್ತೆಗೆ ಇದಕ್ಕೆ ಹಳೆಯ ಉಪಾಯಗಳು ಗೊತ್ತು. ಬಕೆಟ್ ನೀರಿನಲ್ಲಿ ಎರಡು ಮೂರು ಸಲ ಮುಳುಗಿಸಿ ಬಿಡುವುದು. ಇಲ್ಲವೇ ಅದರದ್ದೇ ಒಂದು ಪುಕ್ಕ ಕಿತ್ತು ಮೂಗಿನ ಹೊಳ್ಳೆಗೆ ಅಡ್ಡ ತೂರಿಸುವುದು. ಇಲ್ಲವೇ ಮಂಕರಿ ಕವುಚಿ ಹಾಕಿ ಎರಡು ದಿನ ಹಾಗೇ ಬಿಡುವುದು. "ನೀರಿಗೆ ಅದ್ದಮ್ಮ, ಮೈ ತಣ್ಣಗಾದ್ರೆ ತಾನೇ ಎದ್ದೋಗ್ತದೆ" ಅಂದರು. ಅವರ ಮಾತಿನಲ್ಲಿ ಸತ್ಯ ಇದೆ, ಅದು ನನಗೆ ಆಮೇಲೆ ತಿಳಿಯಿತು. ಆದರೆ ಅದ್ದಿದ ಕೋಳಿ ಸಂಜೆವರೆಗೆ ನಡುಗುತ್ತಾ ಮೂಲೆ ಸೇರಿ, ಪುಕ್ಕ ಒಣಗಿದ ಕೂಡಲೇ ಮತ್ತೆ ಬುಟ್ಟಿಗೇ ಹೋಗಿ ಕೂತಿತು. ಒಂದಲ್ಲ, ಎರಡು ಸಲ ಹೀಗಾಯಿತು. ಪುಕ್ಕ ತೂರಿಸುವುದಕ್ಕೆ ನಾನು ಒಪ್ಪಲಿಲ್ಲ. ಉಸಿರಾಡುವ ಜಾಗಕ್ಕೆ ಚುಚ್ಚಿ, ನೋವಿಗೆ ಅದು ನೆಲೆ ಕಾಣದೆ ಓಡಾಡುವುದನ್ನು ಕಾವು ಬಿಟ್ಟಿತು ಅಂತ ಕರೆಯುವುದು ನನಗೆ ಆಗುವುದಿಲ್ಲ. ಮಂಕರಿ ಕವುಚುವುದಂತೂ ಉಲ್ಟಾ ಕೆಲಸ. ಕತ್ತಲು, ಬೆಚ್ಚಗೆ, ಸದ್ದಿಲ್ಲ. ಕಾವಿಗೆ ಕೂರಲು ಕೋಳಿ ಹುಡುಕುವುದೇ ಇಂಥ ಜಾಗ ಅಲ್ವಾ?

ಆಗ ಪಶು ಆಸ್ಪತ್ರೆಯ ಡಾಕ್ಟರು ಹೇಳಿದ್ದು ತಂತಿ ಪಂಜರ. ಯಾಕೆ ಅಂತಲೂ ವಿವರಿಸಿದರು, ಅದು ಅರ್ಥವಾದದ್ದರಿಂದಲೇ ನನಗೆ ಈ ಪಂಜರ ಸರಿಯಾಗಿ ಬಳಸಲು ಬಂತು. ಕಾವಿನ ಸಮಯದಲ್ಲಿ ಕೋಳಿಯ ಮೆದುಳಿನ ಕೆಳಗಿನ ಒಂದು ಸಣ್ಣ ಗ್ರಂಥಿ ಪ್ರೊಲ್ಯಾಕ್ಟಿನ್ ಅನ್ನುವ ಹಾರ್ಮೋನನ್ನು ಜಾಸ್ತಿ ಬಿಡುತ್ತದೆ. ಅದು ಹೆಚ್ಚಾದರೆ ಮೊಟ್ಟೆ ನಿಲ್ಲುತ್ತದೆ, ಕೂರುವ ಆಸೆ ಹೆಚ್ಚುತ್ತದೆ. ಎದೆ, ಹೊಟ್ಟೆಯ ಪುಕ್ಕ ಉದುರಿ ಬರೀ ಚರ್ಮ ಆಗುತ್ತದೆ, ಅಲ್ಲಿಗೆ ರಕ್ತ ಹೆಚ್ಚು ಹರಿದು ಬಿಸಿಯಾಗುತ್ತದೆ. ಆ ಬರೀ ಚರ್ಮಕ್ಕೆ ಗೂಡಿನ, ಮೊಟ್ಟೆಯ ಸ್ಪರ್ಶ ಸಿಗುತ್ತಿರುವಷ್ಟು ದಿನವೂ ಹಾರ್ಮೋನು ಇಳಿಯುವುದಿಲ್ಲ. ಗೂಡು ತಪ್ಪಿಸಿ, ಹೊಟ್ಟೆಯ ಕೆಳಗೆ ಗಾಳಿ ಆಡುವ ಹಾಗೆ ಮಾಡಿದರೆ ಒಂದೆರಡು ದಿನದಲ್ಲಿ ಇಳಿಯಲು ಶುರುವಾಗುತ್ತದೆ. ಅತ್ತೆ ಹೇಳಿದ 'ಮೈ ತಣ್ಣಗಾಗುವುದು' ಇದೇ. ಬಕೆಟ್ ನೀರಿನ ತಣ್ಣಗೆ ಅರ್ಧ ಗಂಟೆಯದು, ಪಂಜರದ್ದು ಹಗಲು ರಾತ್ರಿ ಇರುತ್ತದೆ.

ಈಗ ಪಂಜರದ ವಿಷಯಕ್ಕೆ ಬರುತ್ತೇನೆ. 2 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಕಬ್ಬಿಣದ ತಂತಿ, ಮೇಲೆ ಕಪ್ಪು ಬಣ್ಣ. ತಂತಿಗಳ ನಡುವೆ ಸುಮಾರು ಒಂದು ಇಂಚು ಸಂದು. ಮುಂದೆ ಒಂದು ಬಾಗಿಲು, ಮೇಲೆ ಒಂದು ಬಾಗಿಲು. ಅಡಿಯಲ್ಲಿ ಎಳೆದು ತೆಗೆಯುವಂಥ ಪ್ಲಾಸ್ಟಿಕ್ ಟ್ರೇ. ಪೆಟ್ಟಿಗೆಯ ಮೇಲೆ ಕಂಪನಿಯ ಹೆಸರೂ ಇರಲಿಲ್ಲ, ಹೇಗೆ ಜೋಡಿಸಬೇಕು ಅನ್ನುವ ಚೀಟಿಯೂ ಇರಲಿಲ್ಲ. ಆದರೂ ಐದು ನಿಮಿಷದಲ್ಲಿ ನಿಲ್ಲಿಸಬಹುದು, ಕೆಲಸ ಮುಗಿದ ಮೇಲೆ ಮಡಚಿ ಗೋಡೆಗೆ ಒರಗಿಸಬಹುದು. ವರ್ಷದಲ್ಲಿ ಕೆಲವು ವಾರ ಮಾತ್ರ ಬೇಕಾಗುವ ಸಾಮಾನಿಗೆ ಇದು ದೊಡ್ಡ ಅನುಕೂಲ.

ಮೇಲಿನ ಬಾಗಿಲಿಗೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಕಾವಿನ ಕೋಳಿ ಅಂದರೆ ಕೋಪದ ಮೂಟೆ, ಕೈ ಹಾಕಿದರೆ ಕುಕ್ಕುತ್ತದೆ, ಪುಕ್ಕ ಎಲ್ಲ ಉಬ್ಬಿಸಿಕೊಂಡು ಎರಡರಷ್ಟು ಆಗಿರುತ್ತದೆ. ಮುಂದಿನ ಸಣ್ಣ ಬಾಗಿಲಿನಿಂದ ತಳ್ಳಲು ಹೋದರೆ ರೆಕ್ಕೆ ಸಿಕ್ಕಿಹಾಕಿಕೊಳ್ಳುತ್ತದೆ. ಮೇಲಿನಿಂದ ಎರಡೂ ಕೈಯಲ್ಲಿ ರೆಕ್ಕೆ ಅಮುಕಿ ಹಿಡಿದು ಇಳಿಸಿದರೆ ಗಲಾಟೆಯೇ ಇಲ್ಲ.

ಮೊದಲ ಸಲ ಕೆಂಪಿಯನ್ನು ಹಾಕಿದೆ. ಟ್ರೇ ಇದ್ದ ಹಾಗೇ ಬಿಟ್ಟು, ಪಾಪ ಅಂತ ಒಂದು ಹಿಡಿ ಒಣಹುಲ್ಲನ್ನೂ ಹಾಕಿದೆ. ಪಂಜರವನ್ನು ನೆಲದ ಮೇಲೆ, ಗೋಡೆ ಮೂಲೆಯಲ್ಲಿ ಇಟ್ಟೆ. ಕೆಂಪಿ ಆ ಹುಲ್ಲನ್ನು ಕೊಕ್ಕಿನಿಂದ ಎಳೆದು ಹೊಟ್ಟೆಯ ಕೆಳಗೆ ಸೇರಿಸಿಕೊಂಡು ಅಲ್ಲೇ ಕಾವಿಗೆ ಕೂತಳು. ನಾಲ್ಕು ದಿನ ಹಾಗೇ ಹೋಯಿತು. ಪಂಜರ ದಂಡ ಅಂತ ನಮ್ಮೆಜಮಾನರು ಅಂದರು. ಐದನೆಯ ದಿನ ಟ್ರೇ ತೆಗೆದು, ಹುಲ್ಲು ತೆಗೆದು, ನಾಲ್ಕು ಮೂಲೆಗೆ ಮೂರು ಮೂರು ಇಟ್ಟಿಗೆ ಇಟ್ಟು ಪಂಜರವನ್ನು ಮೇಲೆತ್ತಿ ಗಾಳಿ ಬೀಸುವ ಕಡೆ ತಿರುಗಿಸಿದೆ. ಅಲ್ಲಿಂದ ಮೂರನೆಯ ದಿನಕ್ಕೆ ಅವಳು ಎದ್ದು ನಿಂತು, ಉಬ್ಬಿಸಿದ ಪುಕ್ಕ ಇಳಿಸಿ, ಹೊರಗಿನ ಕೋಳಿಗಳ ಕಡೆ ನೋಡುತ್ತಾ ಓಡಾಡಲು ಶುರು ಮಾಡಿದಳು. ಒಟ್ಟು ಏಳು ದಿನ. ಅದರಲ್ಲಿ ನಾಲ್ಕು ದಿನ ಸುಮ್ನೆ ಹಾಳು.

ಹಾಗಾಗಿ ಈ ಪಂಜರ ಕೊಳ್ಳುವವರಿಗೆ ನಾನು ಹೇಳುವ ಒಂದೇ ಮಾತು: ಕಾವು ಬಿಡಿಸುವಾಗ ಟ್ರೇ ತೆಗೆದು ಪಕ್ಕಕ್ಕಿಡಿ. ಅದರ ಜೊತೆ ಚೀಲ, ಹುಲ್ಲು, ಪೇಪರ್ ಏನೂ ಬೇಡ. ಕೆಳಗಿನಿಂದ ಗಾಳಿ ಬರಬೇಕು, ಹಗಲು ಬೆಳಕು ಚೆನ್ನಾಗಿ ಬೀಳಬೇಕು, ನೇರ ಬಿಸಿಲು ಬೇಡ. ನೀರು ಮತ್ತು ಮೇವು ದಿನವಿಡೀ ಒಳಗೇ ಇರಬೇಕು. ಹಸಿವಿಗೆ ಹಾಕಿದರೆ ಕಾವು ಬೇಗ ಬಿಡುತ್ತದೆ ಅಂತ ಕೆಲವರು ಮೇವು ನಿಲ್ಲಿಸುತ್ತಾರೆ. ಮೊದಲೇ ಸರಿಯಾಗಿ ತಿನ್ನದೆ ತೂಕ ಇಳಿದಿರುವ ಕೋಳಿ ಅದು. ಜುಟ್ಟು ಬಿಳಿಚಿಕೊಂಡಿರುತ್ತದೆ, ಎತ್ತಿದರೆ ಕೈಗೇ ಗೊತ್ತಾಗುತ್ತದೆ ಎದೆಮೂಳೆ ಚೂಪಾಗಿರುವುದು. ಅದನ್ನು ಇನ್ನೂ ಉಪವಾಸ ಹಾಕಿದರೆ ಮತ್ತೆ ಮೊಟ್ಟೆಗೆ ಬರುವುದು ತಡವೇ ಆಗುತ್ತದೆ. ನಾನು ರಾಗಿ, ಒಡೆದ ಜೋಳ, ಸ್ವಲ್ಪ ನೆನೆಸಿದ ಹುರುಳಿ ಕೊಡುತ್ತೇನೆ, ಸೊಪ್ಪನ್ನು ತಂತಿಗೆ ಕಟ್ಟಿ ತೂಗುಹಾಕುತ್ತೇನೆ. ಎದ್ದು ನಿಂತು ಕುಕ್ಕಬೇಕಾಗುತ್ತದೆ ನೋಡಿ, ಅದಕ್ಕೇ.

ಇನ್ನೊಂದು, ಹಾಕುವುದಾದರೆ ಮೊದಲ ಒಂದೆರಡು ದಿನದಲ್ಲೇ ಹಾಕಬೇಕು. ಕೋಳಿ ಹಗಲು ಬುಟ್ಟಿಯಲ್ಲಿ ಕೂತಿದೆ ಅಂದ ಮಾತ್ರಕ್ಕೆ ಕಾವು ಅಲ್ಲ, ಕೆಲವು ಕೋಳಿ ಮೊಟ್ಟೆ ಇಡಲು ಗಂಟೆಗಟ್ಟಲೆ ಕೂರುತ್ತವೆ. ನಾನು ರಾತ್ರಿ ನೋಡುತ್ತೇನೆ. ಎಲ್ಲವೂ ಅಡ್ಡಕೋಲಿನ ಮೇಲೆ ಹತ್ತಿ ಮಲಗಿದ ಮೇಲೂ ಒಂದು ಬುಟ್ಟಿಯಲ್ಲೇ ಇದೆ, ಕೈ ಹತ್ತಿರ ತಂದರೆ ಕುರ್‌ರ್ ಅಂತ ಸದ್ದು ಮಾಡಿ ಪುಕ್ಕ ನಿಮಿರಿಸುತ್ತದೆ ಅಂದರೆ ಅದು ಕಾವೇ. ಬೆಳಿಗ್ಗೆ ಒಂದೇ ಸಲ ಎದ್ದು ದೊಡ್ಡ, ಕೆಟ್ಟ ವಾಸನೆಯ ಹಿಕ್ಕೆ ಹಾಕಿ, ಗಬಗಬ ನಾಲ್ಕು ಕಾಳು ತಿಂದು ವಾಪಸ್ ಓಡುವುದು ಇನ್ನೊಂದು ಗುರುತು. ಹೀಗೆ ಮೊದಲ ರಾತ್ರಿಯೇ ಗುರುತಿಸಿ ಮರುದಿನ ಪಂಜರಕ್ಕೆ ಹಾಕಿದವು ಆರು, ಆರೂ ಮೂರು ನಾಲ್ಕು ದಿನದಲ್ಲಿ ಬಿಟ್ಟವು. ಒಂದನ್ನು ಮದುವೆಗೆ ಊರಿಗೆ ಹೋಗಬೇಕು ಅಂತ ಎರಡೇ ದಿನಕ್ಕೆ ಬಿಟ್ಟೆ, ಅದು ನೆಟ್ಟಗೆ ಸೌದೆ ರಾಶಿಯ ಹಿಂದೆ ಹೋಗಿ ಕೂತಿತು, ಪೂರ್ತಿ ಒಂದು ತಿಂಗಳು ಏಳಲಿಲ್ಲ. ಪಂಜರ ಸೋತಿದ್ದು ಅದೊಂದೇ ಸಲ, ಅದು ಪಂಜರದ ತಪ್ಪೂ ಅಲ್ಲ.

ಕಾವು ಬಿಟ್ಟಿದೆಯೋ ಇಲ್ಲವೋ ಅಂತ ನೋಡಲು ಮೂರನೆಯ ದಿನ ಸಂಜೆ ಬಾಗಿಲು ತೆಗೆಯುತ್ತೇನೆ. ಉಳಿದವುಗಳ ಜೊತೆ ಮಣ್ಣಿನಲ್ಲಿ ಹೊರಳಿ, ಕತ್ತಲಾಗುವ ಹೊತ್ತಿಗೆ ಅಡ್ಡಕೋಲು ಹತ್ತಿದರೆ ಬಿಟ್ಟ ಹಾಗೆ. ಬುಟ್ಟಿಯ ಕಡೆ ಓಡಿದರೆ ಇನ್ನೂ ಎರಡು ದಿನ ಒಳಗೆ. ಬಿಟ್ಟ ಮೇಲೆ ಮತ್ತೆ ಮೊಟ್ಟೆ ಶುರುವಾಗಲು ನಮ್ಮಲ್ಲಿ ಬೇಗ ಅಂದರೆ 9 ದಿನ, ತಡ ಅಂದರೆ 20 ದಿನ ಹಿಡಿದಿದೆ. ತಾನಾಗಿ ಏಳಲಿ ಅಂತ ಬಿಟ್ಟರೆ ಬರೀ ಬುಟ್ಟಿಯಲ್ಲಿ ಮೂರು ವಾರ ಅಥವಾ ಅದಕ್ಕೂ ಹೆಚ್ಚು ಕೂತು, ಆಮೇಲೆ ಮೈ ತುಂಬಿಕೊಂಡು ಮೊಟ್ಟೆಗೆ ಬರಬೇಕು. ಮೊಟ್ಟೆ ಮಾರಿ ಮೇವಿನ ಖರ್ಚು ಸರಿದೂಗಿಸುವ ನಮ್ಮಂಥವರಿಗೆ ಈ ವ್ಯತ್ಯಾಸ ಸಣ್ಣದಲ್ಲ. ನಾಟಿ ಮೊಟ್ಟೆ ನಮ್ಮ ಕಡೆ ಮನೆ ಬಾಗಿಲಿಗೇ ಬಂದು 15 ರೂಪಾಯಿಗೆ ತೆಗೆದುಕೊಂಡು ಹೋಗುತ್ತಾರೆ. ಪಂಜರದ ದುಡ್ಡು ಮೊದಲ ಬೇಸಿಗೆಯಲ್ಲೇ ಬಂತು.

ತೊಂದರೆಗಳನ್ನೂ ಹೇಳಬೇಕು. ತಳದ ತಂತಿ ತೀರ ತೆಳು. ಒಂದೂವರೆ ಕಿಲೋ ನಾಟಿ ಕೋಳಿಗೆ ಪರವಾಗಿಲ್ಲ, ಆದರೂ ನಡುವೆ ಬಗ್ಗುತ್ತದೆ. ಒಂದು ಇಂಚಿನ ಸಂದು ಕಾಲಿಗೆ ಹಿತವಲ್ಲ, ಬೆರಳು ಜಾರುತ್ತದೆ. ನಾನು ತೆಂಗಿನ ಗರಿಯ ದಿಂಡಿನ ಒಂದು ತುಂಡನ್ನು ಸವರಿ, ಪಂಜರದ ತಳದಿಂದ ಮೂರು ಇಂಚು ಮೇಲೆ ಅಡ್ಡಕೋಲಿನ ಹಾಗೆ ಕಟ್ಟಿದೆ. ಹಗಲು ತಂತಿಯ ಮೇಲೆ ನಿಂತರೂ ರಾತ್ರಿ ಕೋಲಿನ ಮೇಲೆ ಕೂರುತ್ತದೆ, ಹೊಟ್ಟೆಗೆ ಗಾಳಿಯೂ ಸಿಗುತ್ತದೆ. ಈ ಸಣ್ಣ ಕೋಲು ಕಟ್ಟಿದ ಮೇಲೆ ದಿನಗಳೇ ಕಮ್ಮಿಯಾದವು ಅಂತ ನನಗೆ ಅನಿಸುತ್ತದೆ. ಪಂಜರದ ಜೊತೆಗೇ ಇಂಥದ್ದೊಂದು ಕೊಟ್ಟಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಬಣ್ಣ ಒಂದೇ ಮಳೆಗಾಲಕ್ಕೆ ಎದ್ದಿತು. ಹಿಕ್ಕೆ ಬೀಳುವ ಜಾಗದಲ್ಲೆಲ್ಲ ತುಕ್ಕು. ಮುಂಬಾಗಿಲಿನ ಚಿಲಕ ಬರೀ ಒಂದು ಕೊಕ್ಕೆ, ಒಳಗಿನಿಂದ ಕೋಳಿ ಎರಡು ಸಲ ತಳ್ಳಿದರೆ ಜಾರುತ್ತದೆ. ಬಟ್ಟೆ ಒಣಹಾಕುವ ಕ್ಲಿಪ್ ಸಿಕ್ಕಿಸಿ ಕೆಲಸ ನಡೆಸುತ್ತಿದ್ದೇನೆ. ತುಕ್ಕಿನ ವಿಷಯ ಹೇಳೋಣ ಅಂತ ಅಂಗಡಿಗೆ ಹೋದರೆ, ಇದು ಮನೆಯೊಳಗೆ ಇಡುವ ಸಾಮಾನು, ಹೊರಗೆ ಯಾಕೆ ಇಟ್ಟಿರಿ ಅಂದರು. ಕೊಳ್ಳುವಾಗ ಕೋಳಿಗೆ ಅಂತ ಹೇಳಿಯೇ ಕೊಂಡಿದ್ದೆ. ಆಗ ಈ ಮಾತು ಯಾರೂ ಹೇಳಿರಲಿಲ್ಲ. ನನಗೆ ಬೇಜಾರಾಗಿದ್ದು ತುಕ್ಕಿಗಿಂತ ಇದಕ್ಕೆ.

ಮರಿ ಮಾಡಿಸಲು ಬಳಸಿದ ಅನುಭವ ಬೇರೆಯೇ. ಇಲ್ಲಿ ಟ್ರೇ ವಾಪಸ್ ಹಾಕಬೇಕು. ಎಲ್ಲ ಉಲ್ಟಾ: ಕತ್ತಲು ಬೇಕು, ಬೆಚ್ಚಗೆ ಬೇಕು, ಸದ್ದು ಬೇಡ. ಪಂಜರದ ಮೂರು ಕಡೆಗೂ ಗೋಣಿಚೀಲ ಹೊದಿಸಿ, ಒಳಗೆ ಒಂದು ಬಿದಿರು ಬುಟ್ಟಿಯಲ್ಲಿ ಬೂದಿ, ಅದರ ಮೇಲೆ ಭತ್ತದ ಹುಲ್ಲು, ನಡುವೆ ಒಂದಷ್ಟು ಬೇವಿನ ಎಲೆ. ಕಾವಿನ ಕೋಳಿ ಮಣ್ಣಿನಲ್ಲಿ ಹೊರಳಲು ಹೋಗುವುದು ಕಮ್ಮಿ, ಹೇನು ಹತ್ತುವುದು ಆವಾಗಲೇ. ಹೇನು ಜಾಸ್ತಿಯಾದರೆ ಎಷ್ಟೇ ಒಳ್ಳೆಯ ತಾಯಿಯಾದರೂ ಮೊಟ್ಟೆ ಬಿಟ್ಟು ಎದ್ದುಬಿಡುತ್ತಾಳೆ. ಬೂದಿ, ಬೇವು ಅತ್ತೆಯ ಪಾಠ. ಅದರ ಜೊತೆ ಅವರು ಒಂದು ಇದ್ದಿಲು, ಒಂದು ಕಬ್ಬಿಣದ ಮೊಳೆ, ಒಂದು ಒಣಮೆಣಸಿನಕಾಯಿಯನ್ನೂ ಇಡುತ್ತಾರೆ, ಗುಡುಗಿಗೆ ಮೊಟ್ಟೆ ಕೆಡದಿರಲಿ ಅಂತ. ಅವರ ಅಮ್ಮ ಇಡುತ್ತಿದ್ದರಂತೆ. ಅದನ್ನು ನಾನು ತೆಗೆಯುವುದಿಲ್ಲ.

ಕೋಳಿಯನ್ನು ಹಗಲಿನಲ್ಲಿ ಜಾಗ ಬದಲಿಸಿದರೆ ಕಾವು ಬಿಟ್ಟುಹೋಗಬಹುದು. ರಾತ್ರಿ, ಟಾರ್ಚ್ ಇಲ್ಲದೆ, ಸದ್ದಿಲ್ಲದೆ ಎತ್ತಿ ಪಂಜರದ ಬುಟ್ಟಿಗೆ ಇಳಿಸುತ್ತೇನೆ. ಮೊದಲ ಎರಡು ದಿನ ಕೆಳಗೆ ಪ್ಲಾಸ್ಟಿಕ್ ಮೊಟ್ಟೆ, ಅದು ಒಪ್ಪಿಕೊಂಡು ಕೂತ ಮೇಲೆ ನಿಜವಾದವು. ಈ ಪ್ಲಾಸ್ಟಿಕ್ ಮೊಟ್ಟೆ 6ಕ್ಕೆ 120 ರೂಪಾಯಿ, ತೀರ ಹಗುರ, ಕೋಳಿ ಕಾಲಲ್ಲಿ ತಳ್ಳಿಬಿಡುತ್ತದೆ. ಸಣ್ಣ ತೂತು ಮಾಡಿ ಮರಳು ತುಂಬಿ ಮೇಣ ಹಚ್ಚಿದ ಮೇಲೆ ಸರಿಹೋಯಿತು.

9 ಅಥವಾ 11 ಮೊಟ್ಟೆ ಸಾಕು, ಅದಕ್ಕಿಂತ ಜಾಸ್ತಿ ಇಟ್ಟರೆ ಅಂಚಿನವು ಹೊರಗೆ ಉಳಿದು ತಣ್ಣಗಾಗುತ್ತವೆ. ಒಂದು ವಾರಕ್ಕಿಂತ ಹಳೆಯ ಮೊಟ್ಟೆ, ಫ್ರಿಜ್ಜಿನಲ್ಲಿಟ್ಟ ಮೊಟ್ಟೆ ನಾನು ಇಡುವುದಿಲ್ಲ. ಏಳನೆಯ ರಾತ್ರಿ ಮೊಬೈಲ್ ಟಾರ್ಚಿನ ಮೇಲೆ ಮೊಟ್ಟೆ ಹಿಡಿದು ನೋಡಿದರೆ, ಜೀವ ಇರುವುದರಲ್ಲಿ ಜೇಡರ ಕಾಲಿನ ಹಾಗೆ ಕೆಂಪು ನರಗಳು ಕಾಣುತ್ತವೆ. ಏನೂ ಕಾಣದೆ ತಿಳಿಯಾಗಿರುವುದನ್ನು ತೆಗೆದುಬಿಡಬಹುದು. ಮೊದಲ ಸಲ ಆ ನರಗಳನ್ನು ನೋಡಿದ ರಾತ್ರಿ ನಾನು ಅತ್ತೆಯನ್ನು ಎಬ್ಬಿಸಿ ಕರೆದುಕೊಂಡು ಬಂದೆ. ಅರವತ್ತು ವರ್ಷ ಕೋಳಿ ಸಾಕಿದವರು ಅವರು, ಮೊಟ್ಟೆಯೊಳಗೆ ನೋಡಿದ್ದು ಅದೇ ಮೊದಲು. ಎಷ್ಟೋ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದರು, ತಣ್ಣಗಾಗುತ್ತದೆ ಕೊಡಿ ಅತ್ತೆ ಅಂತ ನಾನೇ ತೆಗೆದುಕೊಂಡೆ.

21 ದಿನ ಪಂಜರದಲ್ಲಿ ಇಡುವುದರ ಲಾಭ ಒಂದೇ, ಅದು ದೊಡ್ಡದು. ಬೇರೆ ಕೋಳಿ ಬಂದು ಅದೇ ಬುಟ್ಟಿಯಲ್ಲಿ ಹೊಸ ಮೊಟ್ಟೆ ಇಡುವುದಿಲ್ಲ. ಮೊದಲೆಲ್ಲ ನಮ್ಮಲ್ಲಿ ಇದೇ ತೊಂದರೆ: ಹನ್ನೊಂದು ಇಟ್ಟರೆ ಹತ್ತು ದಿನದಲ್ಲಿ ಹದಿನೇಳು ಆಗಿರುತ್ತಿತ್ತು, ಯಾವುದು ಯಾವಾಗಿನದು ಗೊತ್ತಿಲ್ಲ, ಮೊದಲ ಮರಿ ಹೊರಬಂದ ಕೂಡಲೇ ತಾಯಿ ಅದನ್ನು ಕರೆದುಕೊಂಡು ಎದ್ದರೆ ಉಳಿದವು ಅರ್ಧ ಬೆಳೆದು ಕೆಡುತ್ತಿದ್ದವು. ಆ ಮೊಟ್ಟೆಗಳನ್ನು ಹೂಳುವುದು ಬಹಳ ಸಂಕಟದ ಕೆಲಸ. ಪಂಜರ ಬಂದ ಮೇಲೆ ಅದು ನಿಂತಿದೆ. ದಿನಕ್ಕೆ ಒಂದು ಸಲ, ಬೆಳಿಗ್ಗೆ ಹದಿನೈದು ಇಪ್ಪತ್ತು ನಿಮಿಷ ಬಾಗಿಲು ತೆಗೆಯಬೇಕು, ತಾಯಿ ಹೊರಗೆ ಬಂದು ಹಿಕ್ಕೆ ಹಾಕಿ, ತಿಂದು, ಕುಡಿದು, ಮೈ ಕೊಡವಿ ವಾಪಸ್ ಹೋಗುತ್ತಾಳೆ. ಎದ್ದು ಬರದಿದ್ದರೆ ಎತ್ತಿ ಹೊರಗೆ ಬಿಡಬೇಕು. ರೆಕ್ಕೆಯ ಅಡಿ ಮೊಟ್ಟೆ ಸಿಕ್ಕಿಕೊಂಡಿರುತ್ತದೆ, ಎತ್ತುವ ಮೊದಲು ಕೈ ಆಡಿಸಿ ನೋಡಿ. 18ನೆಯ ದಿನದಿಂದ ನಾನು ಮುಟ್ಟಲು ಹೋಗುವುದಿಲ್ಲ. ಹೊಸ ಮರಿ ಹೊಟ್ಟೆಯಲ್ಲಿ ಉಳಿದ ಮೊಟ್ಟೆಯ ಹಳದಿ ಭಂಡಾರದ ಬಲದಲ್ಲೇ ಎರಡು ದಿನ ಇರಬಲ್ಲದು, ಆದ್ದರಿಂದ ಮೊದಲ ಮರಿ ಬಂತು ಅಂತ ಗಾಬರಿಯಿಂದ ಬುಟ್ಟಿ ಕೆದಕಬೇಕಾಗಿಲ್ಲ.

ಮೂರು ಸಲದಲ್ಲಿ ನಮಗೆ ಬಂದದ್ದು: ದೀಪಾವಳಿ ಕಳೆದ ಮೇಲೆ 11ಕ್ಕೆ 9, ಜನವರಿಯಲ್ಲಿ 11ಕ್ಕೆ 10, ಈ ವರ್ಷ ಜುಲೈನಲ್ಲಿ 9ಕ್ಕೆ 7. ಜುಲೈನ ಏಳರಲ್ಲಿ ಉಳಿದದ್ದು ಮೂರು. ಮಳೆಗಾಲದಲ್ಲಿ ಒದ್ದೆ ನೆಲ, ರಕ್ತಭೇದಿ, ಮೂರು ಮರಿ ಅದರಲ್ಲೇ ಹೋದವು. ಇನ್ನೊಂದು ಮರಿ ಹೋದದ್ದು ಈ ಪಂಜರದ ಕಾರಣಕ್ಕೆ. ರಾತ್ರಿ ಬೆಕ್ಕು ಆ ಒಂದು ಇಂಚಿನ ಸಂದಿನಲ್ಲಿ ಪಂಜ ತೂರಿಸಿ ಎಳೆದುಬಿಟ್ಟಿತು. ತಾಯಿ ಅರಚಿದ್ದು ಕೇಳಿ ಓಡಿದೆವು, ಆಗಲೇ ಮುಗಿದಿತ್ತು. ಮರುದಿನವೇ ಹಾರ್ಡ್‌ವೇರ್ ಅಂಗಡಿಯಿಂದ ಅರ್ಧ ಇಂಚಿನ ಜಾಲರಿ ತಂದು ಸುತ್ತಲೂ ಒಂದು ಅಡಿ ಎತ್ತರಕ್ಕೆ ಬಿಗಿದೆವು, 260 ರೂಪಾಯಿ ಆಯಿತು. ಮರಿಗಳಿಗೆ ಇದನ್ನು ಬಳಸುವವರು ದಯವಿಟ್ಟು ಮೊದಲೇ ಬಿಗಿಯಿರಿ. ಆ ಮರಿಯನ್ನು ನಾನು ಇನ್ನೂ ಮರೆತಿಲ್ಲ. ಮೂರೂವರೆ ಅಂಕಕ್ಕೆ ನಿಲ್ಲಿಸಿದ್ದಕ್ಕೆ ಮುಖ್ಯ ಕಾರಣವೂ ಇದೇ.

ಅದೇ ಸಂದಿನಿಂದ ಹಗಲು ಒಂದು ಉಪಕಾರ ಇದೆ ಅನ್ನುವುದನ್ನೂ ಹೇಳಬೇಕು. ತಾಯಿ ಒಳಗೆ, ಮರಿಗಳು ಸಂದಿನಲ್ಲಿ ನುಸುಳಿ ಹೊರಗೆ. ಎರಡು ಮಾರು ದೂರ ಹೋಗುತ್ತವೆ, ತಾಯಿ ಕರೆದರೆ ಓಡಿ ಬಂದು ಒಳಗೆ ಸೇರುತ್ತವೆ. ಮರಿಗಳ ನುಚ್ಚನ್ನು ಹೊರಗೆ ಇಟ್ಟರೆ ತಾಯಿ ಕೆದರಿ ಚೆಲ್ಲುವುದಿಲ್ಲ. ಹದ್ದು ಇರುವ ಕಡೆ ಯಾರಾದರೂ ಪಕ್ಕದಲ್ಲೇ ಕೂತಿರಬೇಕು, ಅತ್ತೆ ಹೂ ಕಟ್ಟುತ್ತಾ ಕೂರುತ್ತಾರೆ. ಈಗ ಜಾಲರಿಯ ಮುಂಭಾಗವನ್ನು ಮಾತ್ರ ಹಗಲು ಬಿಚ್ಚಿ ರಾತ್ರಿ ಕಟ್ಟುವ ಹಾಗೆ ಮಾಡಿಕೊಂಡಿದ್ದೇವೆ.

ಮರಿಗಳಿಗೆ ಏಳನೆಯ ದಿನಕ್ಕೆ ಕೊಕ್ಕರೆ ರೋಗಕ್ಕೆ (ರಾಣಿಖೇತ್) ಲಸೋಟ ಅನ್ನುವ ಲಸಿಕೆಯ ಹನಿ ಕಣ್ಣಿಗೆ ಹಾಕಿಸುತ್ತೇವೆ. ಲಸಿಕೆಯ ಸೀಸೆ ನಮಗೆ ಸಿಗುವುದು 100 ಮರಿಗಳ ಲೆಕ್ಕದ್ದು, ಕಲಸಿದ ಮೇಲೆ ಇಟ್ಟುಕೊಳ್ಳಲು ಆಗದು. ಅಕ್ಕಪಕ್ಕದ ನಾಲ್ಕು ಮನೆಯವರು ಮಾತಾಡಿಕೊಂಡು ಒಂದೇ ವಾರದಲ್ಲಿ ಕೋಳಿ ಕೂರಿಸುವುದು ಶುರು ಮಾಡಿದ್ದೇವೆ, ಒಂದು ಸೀಸೆ ಎಲ್ಲರಿಗೂ ಆಗುತ್ತದೆ. ಪಂಜರಕ್ಕೂ ಇದಕ್ಕೂ ಸಂಬಂಧ ಇದೆ: ಬೇಡದ ಸಮಯದ ಕಾವು ಬಿಡಿಸಿ, ಬೇಕಾದ ಸಮಯಕ್ಕೆ ಕೂರಿಸಲು ಬಂದಿದ್ದರಿಂದಲೇ ಈ ಹೊಂದಾಣಿಕೆ ಸಾಧ್ಯವಾಯಿತು. ಮಾರ್ಚ್ ಕಡೆಯಿಂದ ಮೇವರೆಗೆ ಮತ್ತು ಜೋರು ಮಳೆಯ ತಿಂಗಳಲ್ಲಿ ಕೂತರೆ ಬಿಡಿಸುತ್ತೇವೆ. ದೀಪಾವಳಿಯಿಂದ ಫೆಬ್ರವರಿವರೆಗೆ ಕೂತರೆ ಮೊಟ್ಟೆ ಇಡುತ್ತೇವೆ. ಜುಲೈನಲ್ಲಿ ಇಟ್ಟು ಪಾಠ ಕಲಿತದ್ದಾಯಿತು.

ಮರಿ ಮಾಡುವ ಮಿಷನ್ ತಗೊಳ್ಳಿ ಅಂತ ಕೆಲವರು ಹೇಳುತ್ತಾರೆ. ಅದರಲ್ಲಿ 37.5 ಡಿಗ್ರಿ ಬಿಸಿ 21 ದಿನ ತಪ್ಪದೆ ಇರಬೇಕು. ನಮ್ಮ ತೋಟದಲ್ಲಿ ಕರೆಂಟು ಹೋದರೆ ಬರುವುದು ಯಾವಾಗಲೋ. ಹೊರಬಂದ ಮರಿಗಳಿಗೆ ಮತ್ತೆ ಬಲ್ಬು ಹಾಕಿ ಬೆಚ್ಚಗಿಡಬೇಕು. ನಾಟಿ ತಾಯಿ ಕಾವು ಕೊಡುತ್ತಾಳೆ, ಮೊಟ್ಟೆ ತಿರುಗಿಸುತ್ತಾಳೆ, ಆಮೇಲೆ ರೆಕ್ಕೆಯ ಕೆಳಗೆ ಇಟ್ಟುಕೊಂಡು ಗೆದ್ದಲು ಕೆದರುವುದನ್ನೂ ಕಲಿಸುತ್ತಾಳೆ. ಹತ್ತು ಮರಿ ಸಾಕುವ ಮನೆಗೆ ಅವಳು ಸಾಕು.

ಯಾರು ಕೊಳ್ಳಬಹುದು ಅಂದರೆ, ಐದರಿಂದ ಇಪ್ಪತ್ತು ನಾಟಿ ಕೋಳಿ ಇರುವ, ಜಾಗ ಕಮ್ಮಿ ಇರುವ ಮನೆಯವರು. ಬರೀ ಗಿರಿರಾಜ ಸಾಕುವವರಿಗೆ ಇದರ ಅಗತ್ಯವೇ ಇಲ್ಲ. ಊರಿನಲ್ಲಿ ಒಳ್ಳೆಯ ವೆಲ್ಡಿಂಗ್ ಅಂಗಡಿ ಇದ್ದರೆ ಅಲ್ಲೇ ಮಾಡಿಸುವುದು ಮೇಲು. ನಾನು ವಿಚಾರಿಸಿದ ಕಡೆ ಅರ್ಧ ಇಂಚಿನ ಜಾಲರಿ, ಒಂದು ಅಡಿ ಎತ್ತರದ ಕಾಲು, ಸರಿಯಾದ ಚಿಲಕ ಎಲ್ಲ ಸೇರಿ 2,600 ಹೇಳಿದರು. ಮಡಚಲು ಬರುವುದಿಲ್ಲ, ಅಷ್ಟೇ. ಈ ಪಂಜರದ ತಳ ಪೂರ್ತಿ ತುಕ್ಕು ಹಿಡಿದ ದಿನ ನಾನು ಅದನ್ನೇ ಮಾಡಿಸುತ್ತೇನೆ, ಮೇಲಿನ ಬಾಗಿಲು ಮರೆಯದೆ ಇಡಿಸುತ್ತೇನೆ.

ಚುಕ್ಕಿ ಒಳಗೆ ಹೋಗಿ ಇವತ್ತಿಗೆ ಎರಡು ದಿನ. ನಿನ್ನೆಯೆಲ್ಲ ಮೂಲೆಯಲ್ಲಿ ತಂತಿಯ ಮೇಲೇ ಚಪ್ಪಟೆಯಾಗಿ ಕೂತಿದ್ದಳು. ಇವತ್ತು ಬೆಳಿಗ್ಗೆ ನೋಡುವಾಗ ಕೋಲಿನ ಮೇಲೆ ಇದ್ದಳು, ರಾಗಿ ಬಟ್ಟಲು ಖಾಲಿ. ಕೈ ಹಾಕಿದರೆ ಇನ್ನೂ ಕುರ್‌ರ್ ಅನ್ನುತ್ತಾಳೆ, ಆದರೆ ಕುಕ್ಕಲಿಲ್ಲ. ನಾಳೆ ಸಂಜೆ ಬಾಗಿಲು ತೆಗೆಯುತ್ತೇನೆ.